ಮೂರನೆಯ ಜೇಬು

ಈ ಸಲ ಶ್ರಾವಣದಲ್ಲಿ ಅಕ್ಕ ಫೋನ್ ಮಾಡಿದಾಗ ನಾನು ಮಷಿನ್ ಮುಂದೆ ಕುಳಿತಿದ್ದೆ. ವಾಷಿಂಗಿಗೆ ಹೋಗಿ ಬಂದ ಪ್ಯಾಂಟುಗಳ ಗಂಟು ಬಾಗಿಲ ಬಳಿ ಬಿದ್ದಿತ್ತು. ಸರಿಯಾಗಿ ಒಣಗದ ಜೀನ್ಸ್ ಬಟ್ಟೆಗೆ ಒಂದು ವಾಸನೆ ಇರುತ್ತದೆ, ಅರ್ಧ ಬಣ್ಣದ್ದು, ಅರ್ಧ ಮುಗ್ಗಿದ್ದು. ಹದಿನೈದು ವರ್ಷ ಅದರ ನಡುವೆ ಬದುಕಿದವಳ ಮೂಗಿಗೆ ಅದು ತಿಳಿಯಲೇಬಾರದು. ನನ್ನ ಜೊತೆ ಕೆಲಸ ಮಾಡುವ ಹೆಂಗಸರಿಗೆ ತಿಳಿಯುವುದೂ ಇಲ್ಲ. ನನಗೆ ಮಾತ್ರ ತಿಳಿಯುತ್ತದೆ, ಯಾಕೆಂದರೆ ಒಂದು ಮಳೆಗಾಲ ಪೂರ್ತಿ ಆ ವಾಸನೆ ಹೊಳೆಯ ನೀರಿನ ಜೊತೆ ಸೇರಿ ನನ್ನ ಮೂಗಿಗೆ ಬಡಿದಿದೆ.

"ಹುಲಿಗಿ, ಬರ್ತೀಯೇನು?" ಎಂದಳು ಅಕ್ಕ. "ಬರುವಾಗ ದಪ್ಪನ ಬಟ್ಟಿ ತಗೊಂಡು ಬಾ. ಜೀನ್ಸಿಂದು."

"ಯಾತಕ್ಕ ಅಕ್ಕಾ?"

"ಬಾ, ಹೇಳ್ತೀನಿ," ಎಂದು ಇಟ್ಟುಬಿಟ್ಟಳು.

ನಾಲ್ಕು ವರ್ಷದಿಂದ ಅಕ್ಕ ನನ್ನನ್ನು ಏನೂ ಕೇಳಿರಲಿಲ್ಲ. ಬಾ ಎಂದಿರಲಿಲ್ಲ, ಬರಬೇಡ ಎಂದೂ ಅಂದಿರಲಿಲ್ಲ. ಹಬ್ಬಕ್ಕೆ ಕುರುಗೋಡಿನ ಅವ್ವನ ಮನೆಯಲ್ಲಿ ಸಿಕ್ಕರೆ ಊಟ ಬಡಿಸುತ್ತಿದ್ದಳು, ಆರಾಮ ಅದೀಯಾ ಎನ್ನುತ್ತಿದ್ದಳು, ಅಷ್ಟೆ. ಫೋನ್ ಇಟ್ಟ ಮೇಲೆ ನಾನು ಮತ್ತೆ ಮಷಿನ್ ತುಳಿಯಲು ಹೋಗಿ ಒಂದು ಜೇಬನ್ನು ತಲೆಕೆಳಗೆ ಹೊಲಿದೆ.

ನಾನು ಹೊಲಿಯುವುದು ಜೇಬು ಮಾತ್ರ. ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಕೆಲವರು ಸೊಂಟದ ಪಟ್ಟಿ, ಕೆಲವರು ಜಿಪ್ಪು, ನಾನು ಹಿಂದಿನ ಜೇಬು. ಪೂರ್ತಿ ಪ್ಯಾಂಟ್ ಹೊಲಿ ಎಂದರೆ ನನಗೆ ಈಗಲೂ ಬರುವುದಿಲ್ಲ. ಆದರೆ ಜೇಬಿನ ವಿಷಯದಲ್ಲಿ ನನಗೆ ಸೊಕ್ಕು ಇತ್ತು. ಊರಿನ ಅರ್ಧ ಗಂಡಸರು ಕೂರುವುದೇ ನನ್ನ ಹೊಲಿಗೆಯ ಮೇಲೆ ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಆಗ ನಗಿಸುವುದು ನನಗೆ ಸುಲಭವಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಆ ವರ್ಷ ಆರ್ಡರ್ ಇರಲಿಲ್ಲ. ದೀಪಾವಳಿ ಹೊತ್ತಿಗೆ ನೋಡೋಣ ಎಂದು ಮಾಲೀಕರು ಶಟರ್ ಎಳೆದರು. ಸತ್ಯನಾರಾಯಣಪೇಟೆಯಲ್ಲಿ ನಾನಿದ್ದದ್ದು ಒಂದು ಮನೆಯ ಹಿಂದಿನ ಕೋಣೆ, ಮೇಲೆ ತಗಡು. ಕೆಲಸವಿಲ್ಲದೆ ಆ ತಗಡಿನ ಕೆಳಗೆ ಹಗಲು ಕಳೆಯುವುದೆಂದರೆ ಬಾಣಲೆಯಲ್ಲಿ ಕುಳಿತ ಹಾಗೆ. ಅಕ್ಕನ ಊರಿಗೆ ಹೊರಟೆ. ಹೊರಡುವ ದಿನ ನಮ್ಮ ಕಟಿಂಗ್ ಮಾಸ್ತರ್ ಖಾಜಾಸಾಬರು ಚೀಲದ ತುಂಬ ಜೀನ್ಸ್ ತುಂಡುಗಳನ್ನು ತುಂಬಿ ಕೊಟ್ಟರು.

"ಖಾಲಿ ಕೈಲೆ ಕುಂತ್ರ ಹೊತ್ತು ಹೋಗಂಗಿಲ್ಲವ್ವ. ಅಕ್ಕಂಗೊಂದು ಕೌದಿ ಹೊಲಿದು ಕೊಡು," ಎಂದರು. ಕೌದಿ ಹೊಲಿಯಬೇಕೆಂದೇ ನಾನು ಅದನ್ನು ಒಯ್ದದ್ದು. ಹೊಲಿದಿದ್ದರೆ ಎಷ್ಟು ಚೆನ್ನಾಗಿತ್ತು.

ಅಕ್ಕ ಈರಮ್ಮನನ್ನು ಕೊಟ್ಟದ್ದು ಸಿರುಗುಪ್ಪದಿಂದ ಆಚೆ, ತುಂಗಭದ್ರೆಯ ದಂಡೆಯ ಮೇಲಿನ ಒಂದು ಊರಿಗೆ. ನಾವು ಕುರುಗೋಡಿನ ಬಂಡೆಗಳ ನಡುವೆ ಬೆಳೆದವರು. ಅಷ್ಟು ಅಗಲದ ನೀರನ್ನು ಮೊದಲು ಕಂಡಾಗ ಅಕ್ಕ ಹೆದರಿ ಅತ್ತಿದ್ದಳಂತೆ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ, ಕಾಲುವೆ, ಬೆಳ್ಳಕ್ಕಿ. ಸೆಖೆ ಮಾತ್ರ ಬಳ್ಳಾರಿಯದೇ. ಅಲ್ಲಿ ಮಳೆಗಾಲ ಎಂದರೆ ಮಳೆಯಲ್ಲ. ಎಲ್ಲೋ ಪಡುವಣದ ಬೆಟ್ಟದಲ್ಲಿ ಬಿದ್ದದ್ದು ನಾಲ್ಕು ದಿನ ಬಿಟ್ಟು ಇಲ್ಲಿ ಕೆಂಪಾಗಿ ಬರುತ್ತದೆ. ನೆತ್ತಿಯ ಮೇಲೆ ಸುಡುವ ಬಿಸಿಲು, ಕಾಲ ಬಳಿ ಏರುತ್ತಿರುವ ಹೊಳೆ. ನನಗೆ ಅದು ಕೊನೆಗೂ ಒಗ್ಗಲಿಲ್ಲ.

ಅಕ್ಕನ ಗಂಡ ಗಾದಿಲಿಂಗಪ್ಪ. ನಾನು ಮಾವ ಎನ್ನುತ್ತಿದ್ದೆ. ಭುಜ ಅಗಲ, ಮಾತು ಕಡಿಮೆ, ಯಾರ ಮಾತಿಗೂ ಎದುರಾಡದ ಮನುಷ್ಯ. ಅವರಪ್ಪ ಹರಿಗೋಲು ಹಾಕುತ್ತಿದ್ದವರು. ಮಾವ ಅದನ್ನು ಬಿಟ್ಟು, ಸಣ್ಣ ಪೆಟ್ರೋಲ್ ಇಂಜಿನ್ ಕೂರಿಸಿದ ಫೈಬರ್ ದೋಣಿ ಇಟ್ಟಿದ್ದರು. ಹೊಳೆಯ ನಡುವೆ ಒಂದು ಗಡ್ಡೆ ಇದೆ. ಅಲ್ಲಿ ಹೊಲ ಮಾಡುವವರನ್ನು, ಆಡು ಮೇಯಿಸುವವರನ್ನು, ಆಚೆ ದಂಡೆಗೆ ಹೋಗುವವರನ್ನು ದಾಟಿಸುವುದು ಅವರ ಕೆಲಸ.

ಆ ದೋಣಿಯ ಒಳಗನ್ನು ನೋಡಿದರೆ ನನಗೆ ತಲೆ ಕೆಡುತ್ತಿತ್ತು. ಪ್ಲಗ್ ಬಿಚ್ಚುವ ಪಾನಾ ಒಂದು ಕಡೆ, ತಂತಿ ತಿರುಚುವ ಪಕ್ಕಡ ಒಂದು ಕಡೆ, ತಳದ ನೀರಿನಲ್ಲಿ ನೆನೆಯುತ್ತಿರುವ ಹಗ್ಗ, ನೀರು ಎತ್ತಿ ಚೆಲ್ಲುವ ಮಗ್ಗು, ಬ್ಯಾಟರಿ, ತುಕ್ಕು ಹಿಡಿದ ಒಂದು ಮುರುಕು ಕುಡಗೋಲು. ಅದರ ಮೇಲೆ ಜನರ ಕಾಲು, ಮೇವಿನ ಹೊರೆ, ಗೊಬ್ಬರದ ಚೀಲ. ನಾನು ಹೋದ ವಾರವೇ ಒಮ್ಮೆ ನಡುಹೊಳೆಯಲ್ಲಿ ಇಂಜಿನ್ ನಿಂತಿತು. ಪಾನಾ ಹುಡುಕಲು ಜನರನ್ನು ಎಬ್ಬಿಸಿ, ಚೀಲ ಸರಿಸಿ, ಮಾವ ತಳವನ್ನೆಲ್ಲ ತಡಕಾಡಿದರು. ಅಷ್ಟರಲ್ಲಿ ದೋಣಿ ಅರ್ಧ ಕಿಲೋಮೀಟರ್ ಕೆಳಗೆ ತೇಲಿತ್ತು. ಪಾನಾ ಸಿಕ್ಕದ್ದು ನನ್ನ ಚಪ್ಪಲಿಯ ಕೆಳಗೆ.

"ಮಾವ, ನಮ್ಮ ಯೂನಿಟ್ಟಿನ್ಯಾಗ ಹಿಂಗಿದ್ರ ದಿನಕ್ಕೊಂದು ಪ್ಯಾಂಟ್ ಹೊರಗ ಬರಂಗಿಲ್ಲ ನೋಡ್ರಿ," ಎಂದೆ.

"ಹೊಳಿಗೆ ಪ್ಯಾಂಟ್ ಯಾಕವ್ವ ಹುಲಿಗೆವ್ವ," ಎಂದು ನಕ್ಕರು.

ಅಂದು ಸಂಜೆಯೇ ಖಾಜಾಸಾಬರ ಚೀಲ ಬಿಚ್ಚಿದೆ.

ಅಕ್ಕನ ಮನೆಯಲ್ಲಿ ಅವಳ ಅತ್ತೆಯ ಕಾಲದ ತುಳಿಯುವ ಮಷಿನ್ ಇತ್ತು. ಜೀನ್ಸ್ ಎರಡು ಪದರ ಕೊಟ್ಟರೆ ಅದು ನರಳುತ್ತಿತ್ತು. ನನ್ನ ಹತ್ತಿರವಿದ್ದ ದಪ್ಪ ಸೂಜಿಗಳಲ್ಲಿ ಮೂರು ಮುರಿದವು, ಕೊನೆಗೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ಹೊಲಿದೆ. ನಾಲ್ಕು ಮೊಳ ಉದ್ದ, ಒಂದು ಮೊಳ ಎತ್ತರದ ಹಾಸು. ಹಿಂದೆ ತಾಡಪಾಲಿನ ತುಂಡು ಕೊಟ್ಟೆ, ದೋಣಿಯ ಮೈಗೆ ಉಜ್ಜಿ ಬಟ್ಟೆ ಸವೆಯಬಾರದೆಂದು. ಅದರ ಮೇಲೆ ಸಾಲಾಗಿ ಎಂಟು ಜೇಬು. ಮೊದಲು ಎಲ್ಲ ಜೇಬಿಗೂ ಮುಚ್ಚಳ ಇಟ್ಟು ಜೀನ್ಸ್ ಗುಂಡಿ ಹೊಡೆದಿದ್ದೆ. ಮಾವ ಕೈ ನೀರಲ್ಲಿ ಅದ್ದಿಕೊಂಡು ಬಂದು ಬಿಚ್ಚಲು ನೋಡಿದರು, ಆಗಲಿಲ್ಲ. ಎಲ್ಲ ಮುಚ್ಚಳ ಕಿತ್ತು, ಜೇಬಿನ ಬಾಯಿಗೆ ಇಲಾಸ್ಟಿಕ್ ಕೊಟ್ಟೆ. ನೀರು ನಿಲ್ಲಬಾರದೆಂದು ಪ್ರತಿ ಜೇಬಿನ ತಳದಲ್ಲಿ ಎರಡು ತೂತು ಮಾಡಿ, ತೂತಿನ ಸುತ್ತ ಕಾಜಾ ಹೊಲಿಗೆ ಹಾಕಿದೆ.

ಹಾಸಿನ ಮೇಲಂಚಿನಲ್ಲಿ ಸುರಂಗದ ಹಾಗೆ ಮಡಿಕೆ ಹೊಲಿದು, ಅದರಲ್ಲಿ ನೀರಿನ ಪೈಪಿನ ತುಂಡು ತೂರಿಸಿದೆ. ದೋಣಿಯ ಒಳಮೈಗೆ, ಮಾವ ಕೂರುವ ಜಾಗದ ಬಲಕ್ಕೆ, ನಾಲ್ಕು ಕೊಕ್ಕೆ. ಪೈಪನ್ನು ಕೊಕ್ಕೆಗೆ ಇಳಿಬಿಟ್ಟರೆ ಹಾಸು ನಿಲ್ಲುತ್ತದೆ, ಎತ್ತಿದರೆ ಎಲ್ಲ ಸಾಮಾನಿನ ಸಮೇತ ಒಂದೇ ಸಲಕ್ಕೆ ಕೈಗೆ ಬರುತ್ತದೆ. ಒಗೆಯಬೇಕಲ್ಲ, ಒಣಗಿಸಬೇಕಲ್ಲ. ಆ ಉಪಾಯ ಹೊಳೆದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನ ತಲೆಯಿಂದಲೇ ಬಂದದ್ದು.

ಮೊದಲನೆಯ ಜೇಬಿನಲ್ಲಿ ಪಾನಾ, ಎರಡನೆಯದರಲ್ಲಿ ಪಕ್ಕಡ, ಮೂರನೆಯದರಲ್ಲಿ ಚೂರಿ. ಚೂರಿ ಹೊಸದು, ಸಿರುಗುಪ್ಪದ ಸಂತೆಯಲ್ಲಿ ಮಾವನೇ ಆರಿಸಿ ತಂದದ್ದು. ನಾಲ್ಕರಲ್ಲಿ ಬ್ಯಾಟರಿ, ಐದರಲ್ಲಿ ಬೇರೆ ಪ್ಲಗ್, ಆರರಲ್ಲಿ ಬಟ್ಟೆ ಮತ್ತು ಸೀಟಿ, ಕೊನೆಯ ಎರಡು ದೊಡ್ಡ ಜೇಬುಗಳಲ್ಲಿ ಹಗ್ಗ, ಮಗ್ಗು. ಎಲ್ಲ ಸೇರಿದ ಮೇಲೆ ಮುರುಕು ಕುಡಗೋಲು ಉಳಿಯಿತು. ಅದಕ್ಕೆ ಜೇಬಿರಲಿಲ್ಲ. ನಾನೇ ಎತ್ತಿ ತಿಪ್ಪೆಗೆ ಎಸೆದೆ.

ಚೂರಿ ಯಾಕೆ ಮುಖ್ಯ ಎಂದರೆ ಬಲೆ. ಮೀನು ಹಿಡಿಯುವವರ ನೈಲಾನ್ ಬಲೆ ಹರಿದು ನೀರಲ್ಲಿ ತೇಲುತ್ತಿರುತ್ತದೆ, ಹೊಳೆ ಏರಿದಾಗ ಇನ್ನೂ ಹೆಚ್ಚು. ಅದು ಇಂಜಿನ್ನಿನ ತಳದ ಫ್ಯಾನಿಗೆ ಸುತ್ತಿಕೊಂಡರೆ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಬಲೆ ಕೈಯಿಂದ ಬಿಚ್ಚಲು ಬರುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ಕೊಯ್ಯಬೇಕು. ಭಾದ್ರಪದದಲ್ಲಿ ಒಮ್ಮೆ ನಾನು ದೋಣಿಯಲ್ಲಿದ್ದಾಗಲೇ ಹೀಗಾಯಿತು. ಮಾವ ನೀರಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಬಲಗೈ ತಾನಾಗಿ ಮೂರನೆಯ ಜೇಬಿಗೆ ಹೋಯಿತು, ಚೂರಿ ಬಂತು, ಹಿಂದೆ ಬಗ್ಗಿ ಎರಡು ಸಲ ಎಳೆದರು, ಬಲೆ ತುಂಡಾಯಿತು. ದೋಣಿ ಇದ್ದಲ್ಲಿಂದ ಹತ್ತು ಮಾರೂ ಕದಲಿರಲಿಲ್ಲ.

ಊರಿನವರು ಸುಮ್ಮನಿರುತ್ತಾರೆಯೇ? ದೋಣಿಗೆ ಪ್ಯಾಂಟ್ ತೊಡಿಸ್ಯಾಳ ನಾದಿನಿ, ಇನ್ನ ಬೆಲ್ಟೊಂದು ಬಾಕಿ ಎಂದು ಆಡಿಕೊಂಡರು. ಮಾವನಿಗೂ ಹುರುಪು ಬಂತು. ದಂಡೆಯಲ್ಲಿ ಜನ ಕಾಯುತ್ತಿದ್ದಾಗ ಟವೆಲಿನಿಂದ ಕಣ್ಣು ಕಟ್ಟಿಸಿಕೊಂಡು, "ಕೇಳ್ರಿ, ಏನು ಬೇಕು ಕೇಳ್ರಿ," ಎನ್ನುತ್ತಿದ್ದರು. ಪ್ಲಗ್ ಎಂದರೆ ಪ್ಲಗ್, ಪಕ್ಕಡ ಎಂದರೆ ಪಕ್ಕಡ. ಒಮ್ಮೆಯೂ ತಪ್ಪಲಿಲ್ಲ. ಅಷ್ಟು ಮಾತಾಡದ ಮನುಷ್ಯ ಅಷ್ಟು ನಗುವುದನ್ನು ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನ್ನ ಬದುಕಿನಲ್ಲಿ ನನಗೆ ಹೆಮ್ಮೆ ಎನಿಸಿದ ತಿಂಗಳು ಅದೊಂದೇ.

ಆಮೇಲೆ ಮಹಾನವಮಿ ಬಂತು.

ನಮ್ಮ ಯೂನಿಟ್ಟಿನಲ್ಲಿ ಆಯುಧಪೂಜೆಯೇ ವರ್ಷದ ದೊಡ್ಡ ಹಬ್ಬ. ಮಷಿನ್ ತೊಳೆದು, ಕತ್ತರಿ, ಸೂಜಿ, ಟೇಪು ಎಲ್ಲವನ್ನೂ ದೇವರ ಮುಂದೆ ಇಟ್ಟು ಕೈಮುಗಿದರೆ, ಮರುದಿನ ಬೆಳಿಗ್ಗೆ ಪೂಜೆ ಕದಲಿಸುವವರೆಗೆ ಯಾರೂ ಒಂದನ್ನೂ ಮುಟ್ಟುವಂತಿಲ್ಲ. ಖಾಜಾಸಾಬರು ಕೂಡ ಅಂದು ಕತ್ತರಿಯ ಕಡೆ ಕೈ ಚಾಚುತ್ತಿರಲಿಲ್ಲ. ಒಂದು ವರ್ಷ ನನ್ನ ಪಕ್ಕದ ಮಷಿನಿನವಳು ಪೂಜೆಗಿಟ್ಟ ಕತ್ತರಿ ತೆಗೆದು ಸೀರೆಯ ದಾರ ಕತ್ತರಿಸಿಕೊಂಡಳು. ಹಬ್ಬ ಮುಗಿದ ಮೂರನೆಯ ದಿನ ಅವಳ ಉಗುರಿನೊಳಗಿಂದ ಸೂಜಿ ಇಳಿದು ಮೂಳೆಗೆ ತಾಗಿತು. ನಾನೇ ಕಣ್ಣಾರೆ ಕಂಡದ್ದು. ಅಂದಿನಿಂದ ಆ ನೇಮ ನನ್ನೊಳಗೆ ಮೊಳೆ ಹೊಡೆದು ಕೂತಿತ್ತು.

ಮಾವನ ಮನೆಯಲ್ಲಿ ಅಷ್ಟು ಮಡಿ ಇರಲಿಲ್ಲ. ಮನೆಯ ಈಳಿಗೆ, ಕೊಡಲಿ, ಕುಡಗೋಲು ಒಳಗೆ ಪೂಜೆಗೆ ಇಡುತ್ತಿದ್ದರು. ದೋಣಿಯದು ಮಾತ್ರ ಹೊಳೆಯಲ್ಲೇ. ಪ್ರತಿ ವರ್ಷ ದೋಣಿಗೆ ಎರಡು ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಒಳಗೆ ಬಿದ್ದದ್ದಕ್ಕೆಲ್ಲ ನಿಂತಲ್ಲಿಂದಲೇ ನಾಲ್ಕು ಅಕ್ಷತೆ ಎರಚಿ ಬರುತ್ತಿದ್ದರಂತೆ. ಅಲ್ಲಿ ಬಿದ್ದಿದ್ದನ್ನು ಯಾರು ಆರಿಸಿ ಮನೆಗೆ ತರುತ್ತಾರೆ? ಆದರೆ ಆ ವರ್ಷ ನನ್ನ ಹಾಸು ಇತ್ತು. ಎತ್ತಿದರೆ ಒಂದೇ ಸಲಕ್ಕೆ ಬರುವ ಹಾಸು.

ಅಷ್ಟಮಿಯ ಸಂಜೆ ನಾನೇ ಹೋಗಿ ಎತ್ತಿಕೊಂಡು ಬಂದೆ. ಸೀಗೆಕಾಯಿ ಹಾಕಿ ತಿಕ್ಕಿ ಒಗೆದೆ. ಪಾನಾ, ಪಕ್ಕಡಗಳಿಗೆ ಎಣ್ಣೆ ಒರೆಸಿದೆ. ನವಮಿಯ ಬೆಳಿಗ್ಗೆ ದೇವರ ಕೋಣೆಯ ಗೋಡೆಗೆ ಹಾಸನ್ನು ತೂಗುಹಾಕಿ, ಎಂಟು ಜೇಬಿಗೆ ಎಂಟು ಚೆಂಡು ಹೂವು ಸಿಕ್ಕಿಸಿ, ಚೂರಿಗೆ ಅರಿಸಿನ ಕುಂಕುಮ ಹಚ್ಚಿದೆ. ನೀಲಿ ಬಟ್ಟೆಯ ಮೇಲೆ ಹಳದಿ ಹೂವು ಬಹಳ ಚೆಂದ ಕಾಣುತ್ತಿತ್ತು. ಮಾವ ಉದ್ದಕ್ಕೆ ಅಡ್ಡಬಿದ್ದರು.

ಹೋಳಿಗೆ ಊಟ ಮುಗಿದು ಮೂರು ಗಂಟೆಯಾಗಿರಬಹುದು. ಮಾವನ ಫೋನ್ ರಿಂಗಾಯಿತು. ಗಡ್ಡೆಯ ಮೇಲೆ ಗುಡಿಸಲು ಹಾಕಿಕೊಂಡು ಆಡು ಮೇಯಿಸುತ್ತಿದ್ದ ತಿಮ್ಮಪ್ಪನದು. ಅವನು, ಹೆಂಡತಿ, ಮುದುಕಿ ತಾಯಿ, ಮೂರು ಜನ ಅಲ್ಲಿದ್ದರು. ಮೇಲಿನಿಂದ ನೀರು ಬಿಡುತ್ತಾರೆಂದು ಹಿಂದಿನ ದಿನವೇ ಊರಲ್ಲಿ ಡಂಗುರ ಸಾರಿದ್ದರು. ಆಡು ಬಿಟ್ಟು ಬರಲು ಮನಸ್ಸಾಗದೆ ಅವನು ಅಲ್ಲೇ ಉಳಿದಿದ್ದ.

"ಗಾದಿಲಿಂಗಣ್ಣ, ನೀರು ಗುಡಿಸಲ ಬುಡಕ ಬಂತು. ಅವ್ವಗ ನಡಿಯಾಕ ಆಗವಲ್ದು," ಎಂಬುದು ನಮಗೂ ಕೇಳಿಸಿತು.

ಮಾವ ಎದ್ದರು. ಅಂಗಿ ಹಾಕಿಕೊಂಡು, ಮಾಡಿನಲ್ಲಿದ್ದ ಎರಡು ಗಾಳಿ ಟ್ಯೂಬು ಹೆಗಲಿಗೆ ಹಾಕಿಕೊಂಡು ದೇವರ ಕೋಣೆಯ ಬಾಗಿಲಿಗೆ ಬಂದು ನಿಂತರು. ಹಾಸನ್ನು ನೋಡಿದರು. ಕೈ ಮುಂದೆ ಬಂದದ್ದು ನನಗೆ ನೆನಪಿದೆ.

"ಮಾವ, ಅದು ಪೂಜಿಗೆ ಕುಂತದ್ದು," ಎಂದೆ ನಾನು. "ನಾಳಿ ಕದಲಿಸೋತನ ಮುಟ್ಟಬಾರದ್ರಿ. ಕೇಡಾಗತೈತಿ."

ಮಾವ ನನ್ನನ್ನು ನೋಡಿದರು. ಅಕ್ಕ ಒಲೆಯ ಬಳಿ ಇದ್ದಳು, ಏನೂ ಅನ್ನಲಿಲ್ಲ. ಈ ಮನುಷ್ಯ ಒಂದು ಸಲವಾದರೂ ನನಗೆ ಎದುರಾಡಬಾರದಿತ್ತೇ? ಸುಮ್ಮನಿರು ಎಂದು ಗದರಿ ಎತ್ತಿಕೊಂಡು ಹೋಗಬಾರದಿತ್ತೇ? ಎಷ್ಟೋ ಸಲ ಸಿಟ್ಟು ಬರುತ್ತದೆ ನನಗೆ, ಸತ್ತವರ ಮೇಲೆ.

"ಆತು ಬಿಡವ್ವ. ಹತ್ತು ನಿಮಿಷದ ದಾರಿ," ಎಂದು ಚಪ್ಪಲಿ ಮೆಟ್ಟಿ ಹೋದರು.

ನಾವಿಬ್ಬರೂ ಹಿಂದೆಯೇ ದಂಡೆಗೆ ಹೋದೆವು. ಬೆಳಿಗ್ಗೆ ಕಂಡ ಹೊಳೆ ಅದಾಗಿರಲಿಲ್ಲ. ಜಾಲಿಗಿಡಗಳು ಸೊಂಟದವರೆಗೆ ಮುಳುಗಿದ್ದವು. ಕಸ, ಕಂಟಿ, ಯಾರದೋ ಮೇವಿನ ಹೊರೆ ಎಲ್ಲ ಹೋಗುತ್ತಿತ್ತು. ಬಾಳೆಕಂದು ಕಟ್ಟಿದ ದೋಣಿ ಗಡ್ಡೆ ಮುಟ್ಟಿದ್ದು, ಮೂವರೂ ಹತ್ತಿದ್ದು, ಆಡುಗಳು ನೀರಂಚಿನಲ್ಲಿ ಒದರುತ್ತಾ ಉಳಿದದ್ದು ಎಲ್ಲ ಕಂಡೆವು. ದೋಣಿ ತಿರುಗಿ ನಮ್ಮ ಕಡೆ ಬರತೊಡಗಿತು. ಅಕ್ಕ ಉಸಿರು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ನಡುವೆ ಇಂಜಿನ್ ಸದ್ದು ನಿಂತಿತು.

ಮಾವ ಎದ್ದು ಹಿಂದೆ ಬಗ್ಗಿ ನೋಡಿದರು. ಆಮೇಲೆ ಅವರ ಬಲಗೈ ದೋಣಿಯ ಪಕ್ಕಕ್ಕೆ ಹೋಯಿತು. ಅಷ್ಟು ದೂರದಿಂದಲೂ ನನಗೆ ಕಂಡಿತು. ಕೈ ಅಲ್ಲಿಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ನಾಲ್ಕು ಕೊಕ್ಕೆ ಬಿಟ್ಟರೆ ಏನೂ ಇರಲಿಲ್ಲ.

ನಾನು ಮನೆಗೆ ಓಡಿದೆ. ಓಡಿ ಏನು ಮಾಡಬೇಕೆಂದಿದ್ದೆನೋ ಗೊತ್ತಿಲ್ಲ, ಹೊಳೆಯಲ್ಲಿ ನಡೆದು ಹೋಗಿ ಕೊಡಲು ಬರುತ್ತಿತ್ತೇ? ಆದರೂ ಓಡಿದೆ. ಯಾವ ಪೂಜೆ, ಯಾವ ನೇಮ, ಹೂವಿನ ಸಮೇತ ಹಾಸನ್ನು ಗೋಡೆಯಿಂದ ಎಳೆದು ಎದೆಗವಚಿಕೊಂಡು ಮತ್ತೆ ದಂಡೆಗೆ ಓಡಿ ಬಂದೆ. ಎಂಟು ಜೇಬು, ಎಂಟು ಜೇಬಿನ ಸಾಮಾನು, ಒಂದೂ ಕೆಳಗೆ ಬಿದ್ದಿರಲಿಲ್ಲ. ಅಷ್ಟು ಗಟ್ಟಿಯಾಗಿ ಹೊಲಿದಿದ್ದೆ. ಅದನ್ನು ಹಿಡಿದು ನಾನು ನೀರಿನ ಅಂಚಿನಲ್ಲಿ ನಿಂತಾಗ ದೋಣಿ ಬಹಳ ಕೆಳಗೆ ಹೋಗಿತ್ತು, ಅದರಲ್ಲಿ ಮೂರು ತಲೆ ಮಾತ್ರ ಇದ್ದವು.

ತಿಮ್ಮಪ್ಪ ಆಮೇಲೆ ಹೇಳಿದ. ಬಲೆ ಸುತ್ತಿತ್ತು. ಮಾವ ಕೈಯಿಂದ ಎಳೆದು ನೋಡಿದರು, ಹಲ್ಲಿನಿಂದ ಕಚ್ಚಿ ನೋಡಿದರು. ದೋಣಿ ಕೆಳಗಿನ ಬಂಡೆಗಳ ಕಡೆ ಹೋಗುತ್ತಿತ್ತು, ಒಂದೇ ಹುಟ್ಟಿನಿಂದ ತಿಮ್ಮಪ್ಪನಿಗೆ ಅದನ್ನು ತಿರುಗಿಸಲು ಆಗಲಿಲ್ಲ. ಟ್ಯೂಬುಗಳನ್ನು ಇಬ್ಬರು ಹೆಂಗಸರಿಗೆ ಹಾಕಿಸಿ, ಮಾವ ನೀರಿಗಿಳಿದು, ಒಂದು ಕೈಯಲ್ಲಿ ದೋಣಿ ಹಿಡಿದು, ಇನ್ನೊಂದು ಕೈಯಿಂದ ಫ್ಯಾನಿನ ಬಲೆ ಬಿಚ್ಚತೊಡಗಿದರು. ಬಲೆ ಸಡಿಲವಾಯಿತಂತೆ. ಸಡಿಲವಾದ ಬಲೆ ಹೊಳೆಯ ಸೆಳೆತಕ್ಕೆ ಹೋಗುವಾಗ ಅವರ ಮುಂಗೈಯನ್ನೂ ಸುತ್ತಿ ಕರೆದುಕೊಂಡು ಹೋಯಿತು. ದೋಣಿ ಜಾಲಿ ಕಂಟಿಗೆ ಸಿಕ್ಕು ನಿಂತಿತು. ಮೂವರೂ ಬದುಕಿದರು.

"ಕರಿಯಾಕೂ ಹೊತ್ತಿರಲಿಲ್ಲಮ್ಮ," ಎಂದ ತಿಮ್ಮಪ್ಪ ಅಕ್ಕನಿಗೆ. "ಮೊದ್ಲಿಗೆ ಆ ಜೇಬಿದ್ದ ಜಾಗ ಮುಟ್ಟಿ ನೋಡಿದ್ರು, ಆಮ್ಯಾಲೆ ನಕ್ಕರು. ಮರ್ತಿದ್ದೆ ನೋಡಲೇ ಅಂದ್ರು."

ಮರುದಿನ ಬನ್ನಿ. ಬನ್ನಿ ಎಲೆ ಹಿಡಿದು ಬಂಗಾರದಂಗ ಇರೋಣು ಎಂದು ಮನೆಮನೆಗೆ ಹೋಗುವ ದಿನ. ಆ ಊರಲ್ಲಿ ಯಾರೂ ಯಾರ ಮನೆಗೂ ಹೋಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಎರಡು ಊರು ಕೆಳಗೆ ಮಾವ ಸಿಕ್ಕರು. ಮನೆಯ ಮುಂದೆ ತಂದು ಮಲಗಿಸಿದಾಗಲೂ ಬಲಗೈಗೆ ಬಲೆ ಹಾಗೇ ಇತ್ತು, ಬಾತ ಮಾಂಸದೊಳಗೆ ಇಳಿದಿತ್ತು. ಚೂರಿ ತರ್ರಿ ಎಂದು ಯಾರೋ ಅಂದರು. ಅಕ್ಕ ಒಳಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಹಾಸಿನ ಮೂರನೆಯ ಜೇಬಿನಿಂದ ಚೂರಿ ತೆಗೆದು ತಂದು ಕೊಟ್ಟಳು. ಅದರ ಮೇಲೆ ನಾನು ಹಚ್ಚಿದ ಕುಂಕುಮ ಇನ್ನೂ ಇತ್ತು.

ಗಂಗವ್ವ ಕರಕೊಂಡ್ಲು ಎಂದರು ಊರವರು. ಹಣೆಬರಹ ಎಂದಳು ಅವ್ವ. ಅಕ್ಕ ಬೈದಿದ್ದರೆ, ಹೊಡೆದಿದ್ದರೆ, ಮನೆ ಬಿಟ್ಟು ತೊಲಗು ಎಂದಿದ್ದರೆ ನಾನು ಕಾಲು ಹಿಡಿದು ಅಳಬಹುದಿತ್ತು. ಅವಳು ನನ್ನ ತಟ್ಟೆಗೆ ಮುದ್ದೆ ಹಾಕಿ, ಉಣ್ಣು ಎಂದಳು. ದಿನಕರ್ಮ ಮುಗಿಸಿ ನಾನು ಬಳ್ಳಾರಿಗೆ ಬಂದೆ. ಹಾಸನ್ನು ಸುಟ್ಟರೋ, ಎಸೆದರೋ, ನಾನು ಕೇಳಲಿಲ್ಲ.

ಯೂನಿಟ್ಟು ಮತ್ತೆ ಶುರುವಾಯಿತು. ನನ್ನ ಕೈಗೆ ಬೇರೆ ಕೆಲಸ ಬಾರದು. ದಿನಕ್ಕೆ ನೂರಾರು ಜೇಬು. ಮುಂದಿನ ವರ್ಷದ ಆಯುಧಪೂಜೆಯ ದಿನ ನಾನು ಪೂಜೆಗಿಟ್ಟ ಕತ್ತರಿ ತೆಗೆದು ಎಲ್ಲರ ಎದುರಿಗೆ ಬಟ್ಟೆ ಕತ್ತರಿಸಿದೆ. ಕೇಡಾದರೆ ನನಗಾಗಲಿ ಎಂದು ಕಾದೆ. ಏನೂ ಆಗಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇರಲಿಲ್ಲ. ಖಾಜಾಸಾಬರು ನನ್ನನ್ನು ಪಕ್ಕಕ್ಕೆ ಕರೆದು ಯಾಕವ್ವ ಎಂದು ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಅವರು ನನ್ನ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟರು.

"ನಾವು ಒಂದಿನ ಕತ್ತರಿ ಮುಟ್ಟದಿದ್ರ ಬಟ್ಟಿ ಕಾಯ್ತೈತಿ," ಎಂದರು. "ಹೊಳಿ ಕಾಯಂಗಿಲ್ಲವ್ವ. ಇಲ್ಲಿ ನೇಮ ಅಲ್ಲಿಗೆ ಒಯ್ಯಬಾರದಿತ್ತು."

ಸಮಾಧಾನದ ಮಾತಲ್ಲ ಅದು. ಆದರೆ ಸುಳ್ಳು ಹೇಳದ ಮನುಷ್ಯ ಅವರೊಬ್ಬರೇ ಎಂದು ಅಂದಿನಿಂದ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಈ ಸಲ ಅಕ್ಕ ಬಟ್ಟೆ ಕೇಳಿದ್ದಾಳೆ ಎಂದಾಗ ಏನೂ ಕೇಳದೆ ಹೊಸ ಥಾನಿನಿಂದಲೇ ದಪ್ಪನೆಯ ಬಟ್ಟೆ ಕತ್ತರಿಸಿ ಕೊಟ್ಟವರೂ ಅವರೇ.

ಬಸ್ಸಿಳಿದು ಮನೆಗೆ ಹೋದರೆ ಬೀಗ. ಅಕ್ಕ ಹೊಳಿಯಾಗ ಅದಾಳ ಎಂದರು ಪಕ್ಕದವರು. ದಂಡೆಗೆ ಹೋಗಿ ನೋಡಿದೆ. ಅದೇ ದೋಣಿ, ಬಣ್ಣ ಬೇರೆ. ಇಂಜಿನ್ನಿನ ಹಿಡಿ ಹಿಡಿದು ಅಕ್ಕ ಕುಳಿತಿದ್ದಳು, ಸೀರೆಯ ಮೇಲೆ ಮಾವನ ಅಂಗಿ. ಎಂಟು ಜನರನ್ನು ಇಳಿಸಿದಳು. ಹೋದ ವರ್ಷದಿಂದ ಅವಳೇ ನಡೆಸುತ್ತಿದ್ದಾಳೆ, ಮೊದಮೊದಲು ಹತ್ತಲು ಹೆದರುತ್ತಿದ್ದ ಜನ ಈಗ ಹತ್ತುತ್ತಾರೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ನೀರು ಕಂಡು ಅತ್ತಿದ್ದ ನನ್ನ ಅಕ್ಕ. ಅವಳ ಕಾಲ ಬಳಿ ಒಂದು ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಪಾನಾ, ಪಕ್ಕಡ, ಹಗ್ಗ ಎಲ್ಲ ಕಲಸಿಕೊಂಡಿದ್ದವು.

"ಮೊನ್ನಿ ಬಕೀಟು ಉಳ್ಳಿ ಎಲ್ಲಾ ನೀರಿಗೆ ಬಿತ್ತು, ಇವು ಮತ್ತ ತಂದಿದ್ದು," ಎಂದಳು. "ಮೊದಲಿನಂಗ ಜೇಬು ಹೊಲಿದು ಕೊಡು."

ಬಗಲಲ್ಲಿದ್ದ ಬಟ್ಟೆಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡೆ. ಕೊನೆಗೆ, "ಅಕ್ಕಾ, ಅವತ್ತು ನಾ ಬಾಯಿ ಮುಚ್ಕೊಂಡು ಇದ್ದಿದ್ರ..." ಎಂದೆ.

ಅಕ್ಕ ಬಕೆಟ್ಟಿನ ನೀರು ಚೆಲ್ಲಿದಳು.

"ನೀ ಅಂದಿದ್ದು ನನಗೂ ಕೇಳಿತ್ತು," ಎಂದಳು. "ಒಯ್ರಿ ಅನ್ನಬೇಕು ಅಂತ ಬಾಯಿಗೆ ಬಂತು. ಹಬ್ಬದ ದಿನ ಯಾಕ ಅಂತ ನುಂಗಿದೆ. ನೀ ಅಂದಿ, ನಾ ಅನ್ನಲಿಲ್ಲ. ಇಬ್ರಿಗೂ ಐತಿ ಪಾಲು. ಹೊಲಿ ಈಗ."

ಮೂರು ದಿನ ಹಿಡಿಯಿತು. ಅದೇ ಮಷಿನ್, ಅದೇ ನರಳಾಟ. ಅವಳ ಕೈ ಮಾವನ ಕೈಗಿಂತ ಗಿಡ್ಡ, ಜೇಬುಗಳನ್ನು ಎರಡು ಬೆರಳು ಮೇಲೆತ್ತಿದೆ. ತಳಕ್ಕೆ ತೂತು, ಬಾಯಿಗೆ ಇಲಾಸ್ಟಿಕ್. ಮೂರನೆಯ ಜೇಬಿಗೆ ಚೂರಿ ಇಡುವಾಗ ಅಕ್ಕ ಅದನ್ನು ತನ್ನ ಟ್ರಂಕಿನಿಂದ ತಂದು ಕೊಟ್ಟಳು. ಅದೇ ಚೂರಿ. ಅಲಗಿನಲ್ಲಿ ತುಕ್ಕಿರಲಿಲ್ಲ, ಎಣ್ಣೆ ಹಚ್ಚಿಟ್ಟಿದ್ದಳು.

ಮೇಲಂಚಿಗೆ ಪೈಪು ತೂರಿಸಲು ಮಡಿಕೆ ಹಾಕತೊಡಗಿದಾಗ ಅಕ್ಕ ಮಷಿನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದಳು.

"ಅದು ಬ್ಯಾಡ," ಎಂದಳು. "ತೆಗಿಯಾಕ ಬರದಂಗ ಮಾಡು."

ಕೊಕ್ಕೆಗಳನ್ನು ಕಿತ್ತು ಹಾಕಿದೆವು. ಹಾಸಿನ ನಾಲ್ಕೂ ಅಂಚಿಗೆ ತಗಡಿನ ಪಟ್ಟಿ ಕೊಟ್ಟು, ದೋಣಿಯ ಮೈಗೆ ತೂತು ಹೊಡೆದು, ಹನ್ನೆರಡು ಬೋಲ್ಟು ಹಾಕಿ ಬಿಗಿದೆ. ತೂತಿಗೆ ಡಾಂಬರು ಮೆತ್ತಿದೆ. ಅಷ್ಟು ಸಾಕು ಎಂದುಕೊಂಡೆ. ಅಕ್ಕ ಒಂದು ಗುಂಡುಕಲ್ಲು ಕೈಯಲ್ಲಿ ಹಿಡಿದು ಕೂತು, ನಟ್ಟು ಯಾರೂ ಬಿಚ್ಚಲು ಬರದ ಹಾಗೆ, ಹನ್ನೆರಡು ಬೋಲ್ಟಿನ ತುದಿಯನ್ನೂ ಒಂದೊಂದಾಗಿ ಜಜ್ಜಿದಳು. ಬಿಸಿಲು ಸುಡುತ್ತಿತ್ತು. ಹೊಳೆ ಆಗಲೇ ಕೆಂಪಗಾಗಿತ್ತು. ಮಹಾನವಮಿಗೆ ಇನ್ನೂ ಎರಡು ತಿಂಗಳಿತ್ತು.

ಜಜ್ಜುವುದು ಮುಗಿದ ಮೇಲೆ ಕಲ್ಲನ್ನು ನೀರಿಗೆ ಎಸೆದು, ಹಾಸನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ದೋಣಿಯ ಮೈಗೆ ಊರಿ ಎಳೆದಳು. ಬರಲಿಲ್ಲ. ಬರುವುದಿಲ್ಲ ಅಕ್ಕಾ, ಸಾಕು ಬಿಡು ಎಂದೆ. ಅವಳು ಬಿಡಲಿಲ್ಲ, ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದು ನೋಡಿದಳು.